ಎರಡು ಕೈ ಕೇಳುವ ಯಂತ್ರ

ಡೊಂಬಿವಲಿಯ ಇಕ್ಕಟ್ಟಾದ ಬಾಡಿಗೆ ಮನೆ ಬಿಟ್ಟು ಟಿಟ್ವಾಳಾಕ್ಕೆ ಬಂದ ಮೇಲೆ ನಮ್ಮವರು ಮೊದಲು ಮಾಡಿದ ಕೆಲಸವೆಂದರೆ ಹಿತ್ತಿಲಲ್ಲಿ ಬಚ್ಚಲೊಲೆ ಕಟ್ಟಿಸಿದ್ದು. ಅದರ ಮೇಲೆ ಉಡುಪಿಯಿಂದ ರೈಲಿನಲ್ಲಿ ತಂದ ತಾಮ್ರದ ಹಂಡೆ ಕೂತಿತು. ಗೀಸರಿನ ನೀರು ಮಿಂದರೆ ಮಿಂದ ಹಾಗೆ ಆಗುವುದಿಲ್ಲ ಎಂಬುದು ಅವರ ವಾದ. ಅಲ್ಲಿ ಆಗ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚಾಗಿದ್ದರಿಂದ ನಾನೂ ಜಗಳ ಬೆಳೆಸಲಿಲ್ಲ. ಬೆಳಿಗ್ಗೆ ಎದ್ದು ಕಟ್ಟಿಗೆ ಒಡೆದು, ಒಲೆ ಹೊತ್ತಿಸಿ, ಮಿಂದು, ಲೋಕಲ್ ರೈಲು ಹಿಡಿದು ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಕೂರಲು ಹೋಗುತ್ತಿದ್ದರು. ಮನೆಯಲ್ಲಿ ಅವರು ಮಾಡುತ್ತಿದ್ದ ಕೆಲಸ ಅದೊಂದೇ. ಬಂದವರಿಗೆಲ್ಲ ಅದನ್ನು ಹೇಳಿಕೊಳ್ಳದೆ ಬಿಡುತ್ತಲೂ ಇರಲಿಲ್ಲ.

ಒಂದು ಮಳೆಗಾಲ ಅವರಿಗೆ ಲಕ್ವ ಹೊಡೆಯಿತು. ಮಾತು, ನಡಿಗೆ ನಿಧಾನವಾಗಿ ಮರಳಿದವು. ಎಡಗೈಯನ್ನು ಭುಜದಿಂದ ಎತ್ತಬಹುದಿತ್ತು, ಹಿಡಿತ ಮಾತ್ರ ಇರಲಿಲ್ಲ. ಹಿಸುಕಲೆಂದು ಆಸ್ಪತ್ರೆಯಲ್ಲಿ ಕೊಟ್ಟ ರಬ್ಬರ್ ಚೆಂಡು ಕಿಟಕಿಯ ಮೇಲೆ ಧೂಳು ತಿನ್ನುತ್ತಿತ್ತು. ಹೋಟೆಲಿಗೆ ಹೋಗುವುದು ನಿಂತಿತು. ಇಡೀ ದಿನ ಆ ಕೈಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಈ ಮನುಷ್ಯ ಹೀಗೆ ಕೂತೇ ಮುಗಿದುಹೋಗುತ್ತಾರೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಪಕ್ಕದವರು ಮಾವಿನ ಮರ ಕಡಿಸಿ ಬೊಡ್ಡೆಗಳನ್ನು ನಮ್ಮ ಹಿತ್ತಿಲಿಗೆ ಹಾಕಿಸಿದ್ದರು. ನಾನು ಕೊಡಲಿ ಎತ್ತಿದೆ. ಅದು ಬೊಡ್ಡೆಗೆ ಕಚ್ಚಿಕೊಂಡಿತು, ನಾನು ಎಳೆದೆ, ಅದು ಬರಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ, ಆಗಲೂ ಬರಲಿಲ್ಲ. ಕೋಪರಖೈರಣೆಯಿಂದ ಬಂದಿದ್ದ ಮಗಳು ಅದನ್ನು ನೋಡಿ, “ಅಮ್ಮಾ, ಅಬ್ ಬಸ್ ಕರೋ ನಾ. ಗೀಸರ್ ಲಗಾ ದೇತೇ ಹೈಂ” ಅಂದಳು.

“ಗೀಸರ್ ಹಾಕಿದ್ರೆ ನಿನ್ನ ಅಪ್ಪನಿಗೆ ಮಾಡ್ಲಿಕ್ಕೆ ಎಂಥ ಉಳೀತದೆ?” ಅಂದೆ. ಮುಂದಿನ ವಾರ ಅವಳೇ ಫೋನ್ ಮಾಡಿ, ಕಟ್ಟಿಗೆ ಒಡೆಯುವ ಮೆಷಿನ್ ಭಿವಂಡಿ ರಸ್ತೆಯ ಒಂದು ಅಂಗಡಿಯಲ್ಲಿ ಸಿಗುತ್ತದಂತೆ ಎಂದು ತಿಳಿಸಿದಳು.

ಅಂಗಡಿಯಲ್ಲಿ ಎರಡು ಬಗೆಯವಿದ್ದವು. ಒಂದು, ಲಾರಿಯವರ ಜಾಕ್‌ನಂತೆ ಹಿಡಿಕೆ ಒತ್ತಿ ಒತ್ತಿ ನಡೆಸುವಂಥದ್ದು. ಬೊಡ್ಡೆ ನಿಧಾನಕ್ಕೆ ಬೆಣೆಯ ಕಡೆಗೆ ಸರಿದು ಸೀಳುತ್ತಿತ್ತು. ಒಂದೇ ಕೈ ಸಾಕು, ಕರೆಂಟು ಬೇಡ. ನಾನು ಆಗಲೇ ಮನಸ್ಸಿನಲ್ಲಿ ಅದನ್ನು ಟೆಂಪೋಗೆ ಹತ್ತಿಸಿಯಾಗಿತ್ತು. ಇನ್ನೊಂದು ಕರೆಂಟಿನದು. ಅದಕ್ಕೆ ಬಲಗೈಯಲ್ಲಿ ಗುಂಡಿ ಒತ್ತಬೇಕು, ಎಡಗೈಯಲ್ಲಿ ಸನ್ನೆಕೋಲನ್ನು ಕೆಳಗೆ ಹಿಡಿದಿರಬೇಕು. ಯಾವುದೊಂದನ್ನು ಬಿಟ್ಟರೂ ನಿಂತುಬಿಡುತ್ತದೆ. ಕೈ ಬೆಣೆಗೆ ಸಿಕ್ಕದಿರಲಿ ಎಂದು ಹಾಗೆ ಮಾಡಿದ್ದಂತೆ.

ನಮ್ಮವರು ಸೀದಾ ಅದರ ಮುಂದೆ ಹೋಗಿ ನಿಂತರು. ಬಲಗೈಯಿಂದ ಗುಂಡಿ ಒತ್ತಿದರು. ಎಡಗೈಯನ್ನು ಪಂಚೆಯಿಂದ ಹೊರಗೆ ತೆಗೆದು ಸನ್ನೆಕೋಲಿನ ಮೇಲಿಟ್ಟರು. ಅದು ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ನನಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

“ಅಂಕಲ್, ಆಪ್ ವೋ ಹಾಥ್‌ವಾಲಾ ಲೇ ಲೋ” ಎಂದು ಅಂಗಡಿಯವನು ಮೆತ್ತಗೆ ಜಾಕಿನದನ್ನು ತೋರಿಸಿದ.

“ನಹೀಂ. ಯಹೀ ಚಾಹಿಯೇ,” ಕರೆಂಟಿನದೇ ಬೇಕು ಅಂದರು ಇವರು.

ನನಗೆ ಪಿತ್ತ ನೆತ್ತಿಗೇರಿತು. “ನಿಮಗೆ ಮಂಡೆ ಸಮ ಉಂಟಾ? ಕರೆಂಟಿಲ್ಲ ಅಂತ ಕಟ್ಟಿಗೆ ಉರಿಸುದು, ಆ ಕಟ್ಟಿಗೆ ಒಡೀಲಿಕ್ಕೆ ಪುನಃ ಕರೆಂಟು! ಅದೂ ನಿಮ್ಮ ಕೈಯಲ್ಲಿ ನಡೀದ ಮೆಷಿನ್.”

“ಅದಕ್ಕೇ ಬೇಕು ಮಾರಾಯ್ತಿ” ಅಂದರು. “ಆ ಜಾಕಿಂದು ತಕೊಂಡ್ರೆ ಈ ಕೈ ಬೇಡ ಅಂತ ನಾನೇ ಒಪ್ಪಿಕೊಂಡ ಹಾಗೆ.”

ಲಕ್ವ ಹೊಡೆದ ಮೇಲೆ ಅವರು ಏನನ್ನಾದರೂ ಬೇಕು ಅಂದದ್ದು ಅದೇ ಮೊದಲು. ನಾನು ಮತ್ತೆ ಜಗಳಕ್ಕೆ ಹೋಗಲಿಲ್ಲ. ದಾರಿಯುದ್ದಕ್ಕೂ ಗೊಣಗಿದೆ, ಅದು ಬೇರೆ ಮಾತು.

ಆ ಯಂತ್ರವನ್ನು ನಡೆಸಿದವಳು ನಾನು. ಕರೆಂಟಿದ್ದಾಗ ಒಡೆದು ರಾಶಿ ಹಾಕುತ್ತಿದ್ದೆ. ಇವರು ಕುರ್ಚಿ ಹಾಕಿಕೊಂಡು ಕೂತು, ಬೊಡ್ಡೆ ಓರೆಯಾಯಿತು, ಗಂಟು ಆ ಕಡೆಗಿರಲಿ ಎಂದು ತಪ್ಪು ಹುಡುಕುತ್ತಿದ್ದರು. ನನ್ನ ಕೆಲಸ ಮುಗಿದು ಸ್ವಿಚ್ ಆಫ್ ಮಾಡಿದ ಮೇಲೆ ಎದ್ದುಬಂದು ಎಡಗೈಯನ್ನು ಸನ್ನೆಕೋಲಿಗೆ ಕೊಟ್ಟು ಒತ್ತುತ್ತಿದ್ದರು. ಜಾರಿದರೆ ಯಂತ್ರಕ್ಕೆ ತುಳುವಿನಲ್ಲಿ ಬೈಗುಳ. ಆ ಬೈಗುಳ ಕೇಳಿ ನನಗೆ ಎಷ್ಟು ಸಮಾಧಾನವಾಗುತ್ತಿತ್ತೆಂದು ಅವರಿಗೆ ಹೇಳಲಿಲ್ಲ, ಹೇಳಿದರೆ ತಲೆಗೇರುತ್ತಿತ್ತು. ಚಳಿ ಶುರುವಾಗುವ ಹೊತ್ತಿಗೆ ಸನ್ನೆಕೋಲು ಅರ್ಧದವರೆಗೆ ಇಳಿಯತೊಡಗಿತು. ಅಲ್ಲಿಗೇ ನಿಂತಿತು ಕೂಡ. ಇಷ್ಟೇ ಇರಬೇಕು, ಇಷ್ಟಾದರೂ ಬಂತಲ್ಲ ಎಂದು ನಾನು ಅಂದುಕೊಂಡೆ.

ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಹಿತ್ತಿಲಲ್ಲಿ ಮೋಟಾರು ಗುರ್ರೆಂದಿತು. ಇವರಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದು ಬೈದುಕೊಂಡೆ. ಆಮೇಲೆ ಕಟ್ಟಿಗೆ ಚಟಾರನೆ ಸೀಳಿದ ಸದ್ದು ಕೇಳಿತು. ಮನೆಯಲ್ಲಿ ಇದ್ದವರು ನಾವಿಬ್ಬರೇ. ನನ್ನ ಎರಡೂ ಕೈಗಳು ಕಾವಲಿಯ ಹತ್ತಿರ ಇದ್ದವು.

ಹೋಗಿ ನೋಡಿದರೆ ಎಡಗೈ ಸನ್ನೆಕೋಲಿನ ಮೇಲೆ ಗಡಗಡ ನಡುಗುತ್ತಿತ್ತು, ಆದರೂ ಹಿಡಿದಿತ್ತು. ಕಾಲ ಬಳಿ ಎರಡು ಹೋಳು ಬಿದ್ದಿದ್ದವು.

“ಎಂಥ ನೋಡ್ತೀ? ಇನ್ನೊಂದು ಬೊಡ್ಡೆ ತಕೊಂಬಾ” ಅಂದರು.

ಹೇಳಿದ್ದಕ್ಕೆಲ್ಲ ತಿರುಗಿ ಮಾತಾಡುವ ನಾನು ಸೀದಾ ಹೋಗಿ, ಇದ್ದುದರಲ್ಲೇ ದಪ್ಪದ್ದನ್ನು ಆರಿಸಿ ತಂದು ಇಟ್ಟೆ.