ಸೈನಿಕರ ಎದುರು ಸಿಟ್ಟಾಗುವ ಕೆಲಸ

“ನಿಮ್ಮಷ್ಟು ಚೆನ್ನಾಗಿ ಸಿಟ್ಟು ಮಾಡಿಕೊಳ್ಳುವವರು ಈ ಎಸ್ಟೇಟಿನಲ್ಲೇ ಇಲ್ಲ. ದಯವಿಟ್ಟು ಒಂದು ದಿನ ನಮ್ಮ ಕ್ಯಾಂಪಿಗೆ ಬನ್ನಿ.”

ಇದು ಹೊಗಳಿಕೆಯೋ ಬೈಗುಳವೋ ಎಂದು ನಾನು ಯೋಚಿಸುತ್ತಿರುವಾಗಲೇ, ಪಕ್ಕದ ಮನೆಯ ಕರ್ನಲ್ ಒಟಿಯೆನೊ ನಮ್ಮ ಗೇಟಿಗೆ ಒರಗಿ ವಿಷಯ ಬಿಡಿಸಿ ಹೇಳಿದರು. ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ಅವರು ನಮಗೆ ಬಹಳ ವರ್ಷಗಳ ನೆರೆಯವರು. ಸೇನೆಯಿಂದ ನಿವೃತ್ತರಾದ ಮೇಲೆ, ಶಾಂತಿಪಾಲನೆಗೆ ಹೊರಡುವ ಬೇರೆ ಬೇರೆ ದೇಶಗಳ ಸೈನಿಕರಿಗೆ ನೈರೋಬಿಯಾಚೆಯ ಒಂದು ಶಿಬಿರದಲ್ಲಿ ಪಾಠ ಹೇಳುತ್ತಾರೆ. ಮೂರು ವಾರದ ಕೋರ್ಸು. ಅದರಲ್ಲಿ ಒಂದು ದಿನ ಬಂದೂಕು ಬದಿಗಿಟ್ಟು, ಬರೀ ಮಾತಿನಿಂದಲೇ ಒಂದು ಹಳ್ಳಿಯ ರಸ್ತೆ ತೆರೆಸಿ, ಔಷಧಿಯ ಲಾರಿಗಳನ್ನು ದಾಟಿಸಬೇಕು. ಹಳ್ಳಿಯ ಯಜಮಾನಿ ರಸ್ತೆಗೆ ಅಡ್ಡ ಕೂತಿರುತ್ತಾಳೆ. ಆಕೆಯ ಭಾಷೆ ಯಾರಿಗೂ ಬರಬಾರದು.

“ಸ್ವಾಹಿಲಿ ಅರ್ಧ ಜನಕ್ಕೆ ಗೊತ್ತು, ಮಾಮಾ ನಿಶಾ. ಕನ್ನಡ ಸೇಫ್,” ಎಂದರು ಕರ್ನಲ್. (ಮಾಮಾ ಎಂದರೆ ಇಲ್ಲಿ ಅಮ್ಮ; ತಾಯಂದಿರನ್ನು ಮಕ್ಕಳ ಹೆಸರಿಂದಲೇ ಕರೆಯುತ್ತಾರೆ. ನನ್ನ ಸ್ವಂತ ಹೆಸರು ಈಗ ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿದಿದೆ.)

ಒಳಗಿನಿಂದ ನಮ್ಮ ಯಜಮಾನರು ಕೂಗಿದರು: “ಹೋಗೇ, ನಿನಗೆ ರಿಹರ್ಸಲ್ಲೂ ಬೇಕಾಗಲ್ಲ!”

ದುಭಾಷಿಯಾಗಿ ಮಗಳು ನಿಶಾಳನ್ನೇ ಆರಿಸಿದರು. ಇಪ್ಪತ್ತನಾಲ್ಕು ವರ್ಷ, ಫಿಸಿಯೋಥೆರಪಿ ಮುಗಿಸಿದ್ದಾಳೆ. ಹುಟ್ಟಿದಾಗಿನಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಾ ಬಂದವಳು. ಇದಕ್ಕಿಂತ ಅನುಭವಸ್ಥ ದುಭಾಷಿ ಎಲ್ಲಿ ಸಿಗುತ್ತಾಳೆ?

ತೊಡಕು ಒಂದೇ. ಹದಿನೈದು ದಿನದಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ದೂರದ ಉತ್ತರದಲ್ಲಿ, ಬಿಸಿಲಿಗೆ ಬೆಂದ ಲೊಡ್ವಾರ್ ಊರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದಿದ್ದಳು. ಬೇಡ ಎಂದಿದ್ದೆ. ಕರ್ನಲ್ ಅಂಕಲ್ ಕೇಳಿದರೆಂದು ಮುಖ ಊದಿಸಿಕೊಂಡೇ ಬಂದಳು.

ಶುಕ್ರವಾರ ಬೆಳಿಗ್ಗೆ, ತಗಡಿನ ಗುಡಿಸಲುಗಳ ಆ ನಾಟಕದ ಹಳ್ಳಿಯಲ್ಲಿ, ಅಡ್ಡಗಟ್ಟಿದ ಬಿದಿರಿನ ಮುಂದೆ ಸೀರೆಯುಟ್ಟು ಮಣೆಯ ಮೇಲೆ ಕೂತೆ. ಕರ್ನಲ್ ಕೈಗೆ ಒಂದು ಚೀಟಿ ಕೊಟ್ಟರು: “ಹೋದ ತಿಂಗಳು ಸೈನ್ಯದ ಲಾರಿಗಳು ನಿಮ್ಮೂರಿನ ಬಾವಿಕಟ್ಟೆ ಒಡೆದುಹಾಕಿವೆ. ಅವರಾಗಿಯೇ ಕೇಳುವ ತನಕ ಹೇಳಬೇಡಿ.”

ಮೊದಲ ತಂಡ ಬಂತು. ಮುಂದೆ ಆರಡಿಗೂ ಮಿಗಿಲಾದ ಕ್ಯಾಪ್ಟನ್. ಮ್ಯಾಪ್ ಬಿಚ್ಚಿ ರಸ್ತೆ ಯಾಕೆ ಬೇಕು ಎಂಬುದಕ್ಕೆ ಕಾರಣ ಹೇಳತೊಡಗಿದ. ಒಂದು, ಎರಡು, ಮೂರು... “ಆಗಲ್ಲ” ಎಂದೆ. ಅವೇ ಕಾರಣಗಳನ್ನು ಇನ್ನೂ ಜೋರಾಗಿ ಹೇಳಿದ. (ಭಾಷೆ ಬಾರದವರಿಗೆ ಕೂಗಿ ಹೇಳಿದರೆ ಅರ್ಥವಾಗುತ್ತದೆ ಎಂಬ ನಂಬಿಕೆ ಎಲ್ಲ ಸೈನ್ಯಗಳಲ್ಲೂ ಇದೆಯಂತೆ.) ಕರ್ನಲ್ ಸೀಟಿ ಊದಿದರು. ಫೇಲ್.

ಎರಡನೆಯ ತಂಡ ಬಿಸ್ಕತ್ ಪ್ಯಾಕೆಟ್ ತಂದಿತ್ತು. ಬಿಸ್ಕತ್ ಇಸಿದುಕೊಂಡೆ. ರಸ್ತೆ ಬಿಡಲಿಲ್ಲ.

ಮೂರನೆಯ ತಂಡದ ಮುಂದಾಳು ಎಳೆಯ ಲೆಫ್ಟಿನೆಂಟ್. ಅವನ ಹಿಂದೆ, ಹುರಿ ಮೀಸೆಯ ಒಬ್ಬ ಭಾರತೀಯ ಹವಾಲ್ದಾರ್. “ಏನ್ರಪ್ಪಾ, ನೀವೂ ಉಪದೇಶ ಮಾಡೋಕೆ ಬಂದ್ರಾ?” ಎಂದೆ. ಮೀಸೆ ಕಂಪಿಸಿತು. ಮರುಕ್ಷಣ ಆ ಮನುಷ್ಯ ಕೈ ಎತ್ತಿ ಕರ್ನಲ್‌ಗೆ ಹೇಳಿದ: “ಸರ್, ದಿಸ್ ಈಸ್ ಮೈ ಮದರ್ ಟಂಗ್.”

ಬಾಗಲಕೋಟೆ ಕಡೆಯ ಈರಣ್ಣ! ಸುಮ್ಮನಿದ್ದಿದ್ದರೆ ಎಲ್ಲ ಕೇಳಿಸಿಕೊಂಡು ಪಾಸಾಗಬಹುದಿತ್ತು. ಆದರೆ ಸುಮ್ಮನಿರಲಿಲ್ಲ. ಕರ್ನಲ್ ತಲೆ ಕೆರೆದುಕೊಂಡು ಆಜ್ಞೆ ಹೊರಡಿಸಿದರು: “ಹಾಗಾದರೆ ನೀನು ಬಾಯಿ ಬಿಡುವಂತಿಲ್ಲ.”

ಲೆಫ್ಟಿನೆಂಟ್ ಕಾರಣಗಳ ಪಟ್ಟಿ ತೆಗೆದ. ನನಗೆ ತಡೆಯಲಾಗಲಿಲ್ಲ. “ಬಂದವರೆಲ್ಲ ಎದುರಿಗೆ ನಿಂತು ಭಾಷಣ ಬಿಗೀತೀರಲ್ಲ, ಕತ್ತೆತ್ತಿ ನೋಡಿ ನೋಡಿ ನನ್ನ ಕುತ್ತಿಗೆ ಬಿದ್ದುಹೋಗ್ತಿದೆ!”

ನಿಶಾ ಅನುವಾದಿಸಿದಳು: “ಶೀ ಸೇಸ್ ನೋ.”

ಈರಣ್ಣ ಮಾತಾಡಲಿಲ್ಲ. ಹೆಲ್ಮೆಟ್ ತೆಗೆದು, ಕೆಂಪು ಧೂಳಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ. ಕರ್ನಲ್ ಹುಬ್ಬು ಗಂಟಿಕ್ಕಿದರು. ಆದರೆ ಕೂರುವುದು ಮಾತಾಡಿದಂತಲ್ಲವಲ್ಲ! ಲೆಫ್ಟಿನೆಂಟ್ ಕಕ್ಕಾಬಿಕ್ಕಿಯಾಗಿ ತಾನೂ ಕೂತ. ಉಳಿದವರೂ ಕೂತರು. ಕೊನೆಗೆ ಲೆಫ್ಟಿನೆಂಟ್ ಮೆಲ್ಲಗೆ ಕೇಳಿದ, “ಅಮ್ಮನಿಗೆ ಯಾಕಿಷ್ಟು ಬೇಜಾರು? ಏನಾಯಿತು?”

ಬಾವಿಯ ವಿಷಯ ಹೇಳಲು ಬಾಯಿ ತೆರೆದೆ. ಬೆಳಗಿನಿಂದ ಒಳಗೆ ಸೇರಿಕೊಂಡಿದ್ದೆಲ್ಲ ಜೊತೆಗೇ ಬಂತು. “ಬಂದವರೆಲ್ಲ ತಮ್ಮ ಕಾರಣ ಹೇಳಿದ್ರೇ ಹೊರತು ನನ್ನ ಕಾರಣ ಏನು ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ಬಾವಿ ಒಡೆದು ಹೋಗಿದೆ ಕಣ್ರಪ್ಪ.”

ಈ ಸಲ ನಿಶಾ ಒಂದಕ್ಷರ ಬಿಡದೆ ಅನುವಾದಿಸಿದಳು. ಆದರೆ ನೋಡುತ್ತಿದ್ದದ್ದು ಸೈನಿಕರನ್ನಲ್ಲ, ನನ್ನನ್ನು. ಮುಗಿಸಿ, ಸಣ್ಣ ದನಿಯಲ್ಲಿ ತನ್ನದೂ ಒಂದು ವಾಕ್ಯ ಸೇರಿಸಿದಳು: “ಐ ನೋ ದ ಫೀಲಿಂಗ್.”

ಪಾಪ, ಲೆಫ್ಟಿನೆಂಟ್ ಅದನ್ನೂ ಯಜಮಾನಿಯ ಮಾತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಬಾವಿಕಟ್ಟೆ ಕಟ್ಟಿಸಿಕೊಡುವ ಮಾತಾಯಿತು. ಬಿದಿರು ಸರಿಸಿದೆ. ಚಪ್ಪಾಳೆ ಬಿತ್ತು. ನನ್ನ ಮುಖ ಮಾತ್ರ ಬಿಸಿಯಾಗಿತ್ತು.

ಚಹಾದ ಹೊತ್ತಿಗೆ ಈರಣ್ಣನ ಬಾಯಿಗೆ ಬಿಡುಗಡೆ ಸಿಕ್ಕಿತು. “ಹಿಮದಾಗ ಡ್ಯೂಟಿ ಮಾಡೀನ್ರಿ ಅಕ್ಕಾರ, ಉಸುಕಿನಾಗ ಮಾಡೀನಿ. ಇವತ್ತಿನಷ್ಟು ತ್ರಾಸ ಎಂದೂ ಆಗಿದ್ದಿಲ್ಲ. ಎಲ್ಲಾ ತಿಳೀತೈತಿ, ಬಾಯಿ ಬಿಡಂಗಿಲ್ಲ! ಇಷ್ಟು ವರ್ಷ ಆರ್ಡರ್ ತಗೊಳ್ಳೋದು, ಆರ್ಡರ್ ಕೊಡೋದು ಕಲ್ತ್ವಿ. ಇಲ್ಲಿ ಕೇಳೋದು ಕಲಿಸಾಕತ್ತಾರ.”

“ಕಲಿತಿರಾ?” ಎಂದೆ.

“ನಿನ್ನೆ ಫೋನಿನಾಗ ಹೆಂಡ್ತಿ ಮಾತು ನಡುವ ಬಾಯಿ ಹಾಕದಂಗ ಪೂರಾ ಕೇಳಿದೆ ನೋಡ್ರಿ. ಆಕಿ ಗಾಬರಿಯಾಗಿ, ‘ಯಾಕ್ರೀ, ಮೈಯಾಗ ಆರಾಮಿಲ್ಲೇನು?’ ಅಂದ್ಲು.”

ನಿಶಾ ನಕ್ಕಳು. ಎರಡು ವಾರದಲ್ಲಿ ಮೊದಲ ಸಲ.

ವಾಪಸ್ ಬರುವಾಗ ಮೊಂಬಾಸಾ ರೋಡಿನಲ್ಲಿ ಎಂದಿನ ಜಾಮ್. ಎಡಬಲಕ್ಕೆ ಮಟಾಟು ವ್ಯಾನುಗಳ ಹಾರ್ನ್. ಲೊಡ್ವಾರ್ ಬೇಡ ಎನ್ನಲು ನಾನು ಕೊಟ್ಟಿದ್ದ ಕಾರಣಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಬಿಸಿಲು. ದೂರ. ಒಂಟಿ ಹುಡುಗಿ. ಕರಿಬೇವು ಸಿಗುವುದಿಲ್ಲ. (ಹೌದು, ಅದನ್ನೂ ಹೇಳಿದ್ದೆ.) ಆ ಉದ್ದನೆಯ ಕ್ಯಾಪ್ಟನ್‌ಗೂ ನನಗೂ ಮ್ಯಾಪ್ ಒಂದೇ ವ್ಯತ್ಯಾಸ.

“ಅಲ್ಲಿಗೆ ಯಾಕೆ ಹೋಗ್ಬೇಕು ಅನ್ಸುತ್ತೆ ನಿಂಗೆ?” ಎಂದು ಕೇಳಿದೆ.

ಅವಳು ಅನುಮಾನದಿಂದ ನೋಡಿದಳು. “ಈಸ್ ದಿಸ್ ಸ್ಟಿಲ್ ದ ಎಕ್ಸರ್‌ಸೈಜ್?”

ಅಲ್ಲ ಎಂದೆ. ಆಮೇಲೆ ಹೇಳಿದಳು. ಕಳೆದ ವರ್ಷ ತರಬೇತಿಗೆಂದು ಒಂದು ತಿಂಗಳು ಅಲ್ಲಿದ್ದಾಗ, ಕಾಲು ಬಿದ್ದುಹೋಗಿದ್ದ ಒಬ್ಬ ಅಜ್ಜಿ ಇವಳ ಕೈ ಹಿಡಿದು ನಡೆಯಲು ಕಲಿಯುತ್ತಿದ್ದಳಂತೆ. ಇವಳ ಕೊನೆಯ ದಿನ, ಕೈ ಬಿಟ್ಟು ನಾಲ್ಕು ಹೆಜ್ಜೆ ಹಾಕಿ, “ನಾಳೆ ಐದು” ಎಂದಳಂತೆ. ಆ ನಾಳೆಗೆ ಅಲ್ಲಿ ಥೆರಪಿಸ್ಟ್ ಯಾರೂ ಇರಲಿಲ್ಲ.

ನನ್ನ ಬಾಯಿಗೆ ಇನ್ನೂ ಎರಡು ಕಾರಣ ಬಂದವು. ನುಂಗಿಕೊಂಡೆ. ಆ ಅಜ್ಜಿಯ ಹೆಸರೇನು ಎಂದು ಕೇಳಿದೆ.

ಮುಂದಿನ ತಿಂಗಳು ಹೊರಡುತ್ತಿದ್ದಾಳೆ. ನನಗೆ ಈಗಲೂ ಭಯವಿದೆ. ಆದರೆ ಆ ಅಜ್ಜಿಯ ಹೆಸರೂ ಗೊತ್ತಿದೆ.

ಕೈಯಲ್ಲಿ ಬಂದೂಕಿರುವವರೇ ಅದನ್ನು ಬದಿಗಿಟ್ಟು, ನೆಲದ ಮೇಲೆ ಕೂತು “ಏನಾಯಿತು?” ಎಂದು ಕೇಳಲು ಕಲಿಯುತ್ತಿರುವಾಗ, ಬರೀ ಬಾಯಿ ಇರುವ ನಮಗೇನು ಧಾಡಿ?