ದಾದಾಸಾಹೇಬರ ವ್ರತ, ಸತ್ತೆವ್ವನ ವಾಲ್ವ್

ನಮ್ಮೂರು ಜುಗೂಳದಲ್ಲಿ ದಾದಾಸಾಹೇಬರಷ್ಟು ಕಡಿಮೆ ಸಾಮಾನು ಇಟ್ಟುಕೊಂಡವರು ಇನ್ನೊಬ್ಬರಿಲ್ಲ. ಹೆಂಡತಿ ತೀರಿಹೋದ ವರ್ಷ ಜೈನ ಮುನಿಗಳ ಎದುರು ಅಪರಿಗ್ರಹದ ವ್ರತ ಹಿಡಿದರು. ಬೇಕಾದಷ್ಟೇ ಬಟ್ಟೆ, ಬೇಕಾದಷ್ಟೇ ಪಾತ್ರೆ, ಹೆಚ್ಚಿಗೆ ಒಂದು ಚಮಚವೂ ಇಲ್ಲ. ಮಗ ಸುಜಯ ಹೊಸ ಚಪ್ಪಲಿ ತಂದರೆ ಹಳೆಯದನ್ನು ಯಾರಿಗಾದರೂ ಕೊಟ್ಟ ಮೇಲೆಯೇ ಹೊಸದಕ್ಕೆ ಕಾಲು ಹಾಕುವರು. ಇಂಥವರನ್ನು ಕಂಡರೆ ನನಗೆ ಗೌರವವೂ ಹೌದು, ಒಂಚೂರು ಸಿಟ್ಟೂ ಹೌದು.

ನಮ್ಮ ಏತ ನೀರಾವರಿ ಸಂಘಕ್ಕೆ ಅವರೇ ಚೇರ್ಮನ್. ಕೃಷ್ಣೆಯಿಂದ ಎತ್ತಿದ ನೀರನ್ನು ಪಾಳಿಯಂತೆ ಹೊಲಗಳಿಗೆ ಬಿಡಲು ಪಿಎಲ್‌ಸಿ ಕೂರಿಸುವುದೆಂದಾಯಿತು. ಕರೆಂಟು ಯಾವ ಹೊತ್ತಿಗೆ ಬಂದರೂ ವಾಲ್ವುಗಳನ್ನು ತಾನೇ ತೆರೆದು ಮುಚ್ಚುವ ಯಂತ್ರ ಅದು. ನಿಪ್ಪಾಣಿಯಲ್ಲಿ ಇಂಥ ಯಂತ್ರಗಳ ಪ್ಯಾನಲ್ ಮಾಡುವ ಸ್ನೇಹಲ ಬಂದು ವಿವರಿಸಿದಳು. ಪ್ರತಿ ವಾಲ್ವೂ ಯಂತ್ರದಲ್ಲಿ ವೈರು ಕೂರಿಸುವ ಎರಡು ಜಾಗ ಹಿಡಿಯುತ್ತದೆ. ತೆರೆಯೆಂದು ಹೇಳಲು ಒಂದು ಔಟ್‌ಪುಟ್ ಬೇಕು, ತೆರೆಯಿತೆಂದು ತಿಳಿಯಲು ಒಂದು ಇನ್‌ಪುಟ್ ಬೇಕು.

"ಕಾಕಾ, ಇವತ್ತಿನ ಲೆಕ್ಕಕ್ಕ ಸಣ್ಣದು ಸಾಕ್ರಿ. ಆದ್ರ ಅದಕ್ಕ ಮುಂದ ಏನೂ ಜೋಡಸಾಕ ಬರೂದಿಲ್ಲ. ದೊಡ್ಡದು ತಗೊಂಡು ಒಂದಿಷ್ಟು ಜಾಗಾ ಖಾಲಿ ಬಿಡೂನ್ರಿ."

"ಬೇಕಾಗಿದ್ದಕ್ಕಿಂತ ಹೆಚ್ಚಿಗಿ ಇಟ್ಗೊಳ್ಳೂದು ಪರಿಗ್ರಹ, ತಂಗಿ," ಎಂದರು ದಾದಾಸಾಹೇಬರು.

ಅಷ್ಟು ದೊಡ್ಡ ಮಾತಿಗೆ ಎದುರಾಡುವ ಧೈರ್ಯ ಯಾರಿಗಿತ್ತು? ಸಣ್ಣದೇ ಬಂತು, ಬಂದ ದಿನವೇ ಭರ್ತಿಯಾಯಿತು.

ಮರುವರ್ಷ ಕುರಿ ಕಾಯುವ ಭರಮು ಸಂಘ ಸೇರಿದ. ಪೈಪಿನ ಕೊನೆಯಲ್ಲಿ ಅವನ ತುಂಡು ಹೊಲ. ಯಂತ್ರದಲ್ಲಿ ಜಾಗವಿಲ್ಲದ್ದರಿಂದ ಅವನಿಗೆ ಮಾತ್ರ ಕೈಯಿಂದ ತಿರುಗಿಸುವ ವಾಲ್ವ್ ಕೊಟ್ಟರು. ಅವನೋ ಕುರಿಗಳ ಹಿಂದೆ ಊರೂರು ಅಲೆಯುವವ. ಎಲ್ಲರ ಪಾಳಿ ಮುಗಿದ ಮೇಲೆ, ಕತ್ತಲಾಗಿದ್ದರೂ, ಆಳೆತ್ತರದ ಕಬ್ಬಿನೊಳಗೆ ಹೊಕ್ಕು ವಾಲ್ವ್ ತಿರುಗಿಸುವುದು ಹೆಂಡತಿ ಸತ್ತೆವ್ವನ ಪಾಲಿಗೆ ಬಂತು. ಒಮ್ಮೆ ಬದುವಿನಿಂದ ಜಾರಿ ಬಿದ್ದು ಕೈ ಮುರಿದುಕೊಂಡಳು.

ಜೈನರ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ದಾದಾಸಾಹೇಬರು ವಾಡಿಕೆಯಂತೆ ಮನೆಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳುತ್ತ ಅವಳ ಬಾಗಿಲಿಗೂ ಹೋದರು. ನಾನೂ ಜೊತೆಗಿದ್ದೆ. ತಿರುಗಿ ಕೈಮುಗಿಯಲು ಸತ್ತೆವ್ವನಿಗೆ ಆಗಲಿಲ್ಲ, ಒಂದು ಕೈ ಪ್ಲಾಸ್ಟರಿನಲ್ಲಿತ್ತು.

"ಕ್ಷಮಾ ಮಾಡೇನ್ರಿ ದಾದಾ. ಆದ್ರ ನಾಳಿ ವಾಲ್ವ್ ಯಾರು ತಿರವತಾರ್ರಿ?"

ಮುದುಕರು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ವ್ರತಾ ನಂದಿತ್ತವ್ವ. ತ್ರಾಸ ನಿನಗ ಆತು."

ಮರುದಿನ ಸ್ನೇಹಲಳನ್ನು ಕರೆಸಿದರು. ತಮ್ಮ ಹೊಲದ ವಾಲ್ವಿನ ವೈರು ಬಿಚ್ಚಿಸಿ ಆ ಜಾಗವನ್ನು ಸತ್ತೆವ್ವನ ವಾಲ್ವಿಗೆ ಕೊಡಿಸಿದರು. ಇನ್ನು ಕೈಯಿಂದ ತಿರುಗಿಸುವ ಪಾಳಿ ಅವರದಾಯಿತು. ಆಳು ಕಳಿಸುತ್ತೇನೆಂದ ಸುಜಯನಿಗೆ, "ಆಳು ಜಾರಿ ಬೀಳೂದಿಲ್ಲೇನಲೇ?" ಎಂದು ಗದರಿ, ಬ್ಯಾಟರಿ ಹಿಡಿದು ತಾವೇ ಹೋಗತೊಡಗಿದರು.

ಈ ವರ್ಷ ಸಣ್ಣದನ್ನು ತೆಗೆದು ದೊಡ್ಡದೊಂದು ಹೊಸ ಪಿಎಲ್‌ಸಿ ಆರಿಸಲು ಸಭೆ ಕೂಡಿತ್ತು. ಎಷ್ಟು ಜಾಗ ಖಾಲಿ ಬಿಡಬೇಕೆಂದು ಸ್ನೇಹಲ ಕೇಳಿದಾಗ ದಾದಾಸಾಹೇಬರು ತಲೆ ಎತ್ತಲಿಲ್ಲ.

"ನನ್ನ ಕೇಳಬ್ಯಾಡ ತಂಗಿ. ಸತ್ತೆವ್ವನ್ನ ಕೇಳು."

ಗಂಡಸರೆಲ್ಲ ಹಿಂದಕ್ಕೆ ತಿರುಗಿದರು. ಬಾಗಿಲ ಬಳಿ ಕುಳಿತಿದ್ದ ಸತ್ತೆವ್ವ ಎದ್ದು ಸೆರಗು ಸರಿಮಾಡಿಕೊಂಡಳು.

"ನಮ್ಮ ಹೊಲದ ಆಚೀಕೂ ಮಂದಿ ಅದಾರ್ರಿ. ಅವರು ಇನ್ನಾ ಸಂಘ ಸೇರಿಲ್ಲ. ಮೊದಲ ಅವರನ್ನ ಎಣಸ್ರಿ."