ಹಿಂದಕ್ಕೆ ಮುಖ ಮಾಡಿ ಕೂತವರು

ಯಗಚಿ ಹಿನ್ನೀರಿನಲ್ಲಿ ನಾನು ಬೋಟ್ ಓಡಿಸುವಾಗ ಜೊತೆಗೆ ಕೆಲಸಕ್ಕಿದ್ದ ಹಿರಿಯರೊಬ್ಬರು ನನ್ನ ಬೆನ್ನಿಗೆ ಬೆನ್ನು ಕೊಟ್ಟು, ಹಿಂದಕ್ಕೆ ಮುಖ ಮಾಡಿ ಕೂರುತ್ತಿದ್ದರು. ಬೋಟಿಗೆ ಕಟ್ಟಿದ ಹಗ್ಗ ಹಿಡಿದು ನೀರಿನ ಮೇಲೆ ಜಾರಿ ಬರುವ ಸ್ಕೀಯವರನ್ನು ಕಾಯುವುದೇ ಅವರ ಕೆಲಸ. ಎಲೆಯಡಿಕೆ ಮಡಚುವಾಗಲೂ ಕಣ್ಣು ಹಗ್ಗದ ತುದಿಯನ್ನು ಬಿಡುತ್ತಿರಲಿಲ್ಲ. ನಾನು ತಿರುಗಿದರೆ ಮೊಣಕೈಯಲ್ಲಿ ತಿವಿಯುವರು: "ಮುಂದೆ ನೀನ್ ನೋಡ್ಲಾ, ಹಿಂದೆ ನಾನಿವ್ನಿ." ಯಾರಾದರೂ ಬಿದ್ದರೆ ತಕ್ಷಣ ಕೆಂಪು ಬಾವುಟ ಎತ್ತುವರು. ನೀರಿನಲ್ಲಿ ಜನ ಇದ್ದಾರೆ, ದೂರ ಹೋಗಿ ಎಂದು ಅದರರ್ಥ.

ಒಂದು ಭಾನುವಾರ ಸ್ಕೀ ಮಾಡುತ್ತಿದ್ದ ಹುಡುಗಿ ಬಿದ್ದಳು. ಬಾವುಟ ಎದ್ದಿತು. ದೇವಸ್ಥಾನ ನೋಡಿ ಬಂದಿದ್ದ ಪ್ರವಾಸಿಗರ ಬೋಟೊಂದು, ತಮ್ಮನ್ನೇ ಕರೆಯುತ್ತಿದ್ದಾರೆಂದುಕೊಂಡು ನೇರ ನಮ್ಮತ್ತ ತಿರುಗಿತು. ಹಿರಿಯರು ಬಾವುಟವನ್ನು ಜೋರಾಗಿ ಬೀಸಿದಷ್ಟೂ ಪ್ರವಾಸಿಗರು ಖುಷಿಯಿಂದ ಕೈ ಬೀಸಿದರು. ಕೊನೆಗೆ ಇವರು ಸೀಟಿನ ಮೇಲೆ ನಿಂತು ಅರಚಿದರು: "ನೀರಲ್ಲಿ ಹೆಣ್ಮಗ ಐತೆ, ನಿಮ್ ಕಣ್ಣೇನ್ ಹೊಟ್ಟೋಗವಾ!" ಪ್ರವಾಸಿಗರ ಬೋಟ್ ಹುಡುಗಿಯ ಪಕ್ಕದಲ್ಲೇ ಹಾದುಹೋಯಿತು. ಅವಳು ನೀರು ಕುಡಿದು, ಕೆಮ್ಮುತ್ತ ಮೇಲೆ ಬಂದಳು.

ಬೈದರೆಂದು ಪ್ರವಾಸಿಗರು ದೂರು ಕೊಟ್ಟರು. ಬೋಟಿನ ಮಾಲೀಕರು ಹಿರಿಯರನ್ನು ಕೆಲಸದಿಂದ ಬಿಡಿಸಿ, ಹಿಂದಿನದು ಕಾಣಲೆಂದು ನನ್ನ ಮುಂದೊಂದು ಕನ್ನಡಿ ಹಾಕಿಸಿದರು. "ಕನ್ನಡಿ ಯಾರ್ನೂ ಬಯ್ಯಲ್ಲ, ನೋಡು," ಅಂದರು. ಹಿರಿಯರು ಬಾವುಟ ಮಡಿಸಿ ನನ್ನ ಸೀಟಿನ ಮೇಲಿಟ್ಟು ಹೋದರು.

ವೇಗ ಹೆಚ್ಚಿದರೆ ಆ ಕನ್ನಡಿ ನಡುಗುತ್ತದೆ. ತಲೆ ಯಾವುದು, ಅಲೆ ಯಾವುದು ಎಂದು ತಿಳಿಯುವುದಿಲ್ಲ. ಆ ಬಾವುಟವನ್ನು ಮಾಲೀಕರು ಚೆಂದಕ್ಕೆಂದು ದಡದಲ್ಲಿ ನೆಟ್ಟಿದ್ದಾರೆ. ಜನ ಅದನ್ನು ಕಿತ್ತು, ಬೀಸುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಕಂಡಾಗಲೆಲ್ಲ ನನ್ನ ಕೈ ತಾನಾಗಿ ಎಂಜಿನ್ ನಿಧಾನ ಮಾಡುತ್ತದೆ.

"ಯಾಕ್ರೀ ಸ್ಲೋ ಮಾಡಿದ್ರಿ?" ಎಂದು ಗಿರಾಕಿಗಳು ರೇಗುತ್ತಾರೆ.